ಎಮಿಲ್ ಹುಡಾಕನ ತಿದ್ದುಪಡಿ

ಬರೀ ಎರಡು ದುಗ್ಗಿ ಹಿಡಿದು ಎಮಿಲ್ ಹುಡಾಕ್ ಒಮ್ಮೆ ಇಡೀ ಪೆನ್ಸಿಲ್ವೇನಿಯಾ ರಾಜ್ಯದ ಕೈಯಿಂದ ಎಲೆ ಕೆಳಗಿಡಿಸಿದ್ದ. ರಾಜ್ಯವೆಂದರೆ ರಾಜ್ಯವೇ. ಫಿಲಡೆಲ್ಫಿಯಾದ ವಕೀಲರು, ಪಿಟ್ಸ್‌ಬರ್ಗಿನ ಡಾಕ್ಟರುಗಳು, ನಡುವಿನ ಬೆಟ್ಟಗಳಲ್ಲಿ ಜಿಂಕೆ ಬೇಟೆಗೆಂದು ಮರ ಹತ್ತಿ ಕೂತವರು, ಎಲ್ಲರೂ ತಂತಮ್ಮ ಫೋನಿನ ಮುಂದೆ ಬೆವರಿ, ನಡುಗಿ, ಒಬ್ಬೊಬ್ಬರಾಗಿ ಆಟ ಬಿಟ್ಟರು. ಕೊನೆಗೆ ಉಳಿದವನ ಕೈಯಲ್ಲಿ ಮೂರು ಎಕ್ಕ ಇದ್ದವಂತೆ. ಎಮಿಲ್ ಪಣ ಏರಿಸಿದ ಗತ್ತಿಗೆ ಅವನು ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದ. ಮರುದಿನ ಆ ರಾಜ್ಯದ ಖಜಾನೆಯಿಂದಲೇ ಫೋನು ಬಂತು: ದಯವಿಟ್ಟು ಸ್ವಲ್ಪ ದಿನ ನಿಮ್ಮ ಓಹಿಯೋದಲ್ಲೇ ಇರಿ, ನಮ್ಮ ರಸ್ತೆ ರಿಪೇರಿಗೆ ಕಾಸಿಲ್ಲ.

ಈ ಮಾತನ್ನು ನಂಬಿದವರು ನಮ್ಮ ಹ್ಯಾನ್ಲಿಯಲ್ಲಿ ಒಬ್ಬರೂ ಇಲ್ಲ. ಹಾಗೆಂದು ಎಮಿಲ್ ಹೇಳುತ್ತಿರುವಾಗ ನಡುವೆ ಎದ್ದು ಹೋದವರೂ ಇಲ್ಲ. ಅವನು ಕಾರ್ಪೆಟ್ ಹಾಸುವ ಕೆಲಸದವನು. ಹಗಲೆಲ್ಲ ಮಂಡಿಯೂರಿ ಕಂಡವರ ಮನೆಯ ನೆಲ ಮುಚ್ಚುವವನು ಸಂಜೆಯ ಮೇಲೂ ನೆಲದ ಮೇಲೆಯೇ ನಿಂತು ಮಾತಾಡಬೇಕು ಎನ್ನುವುದು ಅನ್ಯಾಯ. ಅವನ ಮಾತು ನೆಲದಿಂದ ಹತ್ತಡಿ ಎತ್ತರದಲ್ಲೇ ನಡೆಯುತ್ತಿತ್ತು. ಅವನು ಒಂದು ಮೀನು ಎಳೆದು ಹಾಕಿದ್ದಕ್ಕೆ ಪೈಮಟೂನಿಂಗ್ ಜಲಾಶಯದ ನೀರು ಒಂದು ಗೇಣು ಇಳಿದು ಆಚೆ ದಡದವರು ದೂರು ಕೊಟ್ಟಿದ್ದರು. ಅವನು ಹಾಸಿದ ಕಾರ್ಪೆಟ್ಟಿನ ಮೇಲೆ ಬಿದ್ದ ಮಗು ಅಳುವ ಬದಲು ನಕ್ಕಿತ್ತು.

ಹ್ಯಾನ್ಲಿ ಇರುವುದು ಓಹಿಯೋದ ಕಟ್ಟಕಡೆಯ ಅಂಚಿನಲ್ಲಿ. ಊರಿನ ಕೊನೆಯ ಬೀದಿ ದಾಟಿದರೆ ರಾಜ್ಯದ ಗೆರೆ, ಗೆರೆಯಾಚೆ ಪೆನ್ಸಿಲ್ವೇನಿಯಾ. ಹಿಮ ಎರಡೂ ಕಡೆ ಒಂದೇ ಥರ ಬೀಳುತ್ತದೆ. ಕಾನೂನು ಮಾತ್ರ ಬೇರೆ. ಆಚೆ ಕಡೆ ಫೋನಿನಲ್ಲಿ ಪೋಕರ್ ಆಡುವುದಕ್ಕೆ ಸರ್ಕಾರದ ಲೈಸೆನ್ಸ್ ಇದೆ, ತೆರಿಗೆ ಇದೆ, ಮೋಸವಾದರೆ ಕೇಳುವ ಕಚೇರಿ ಇದೆ. ಈಚೆ ಕಡೆ ಏನೂ ಇಲ್ಲ. ಫೋನಿಗೆ ನಾಯಿಯ ಮೂಗಿದೆ. ತಾನು ನಿಂತ ಮಣ್ಣನ್ನು ಮೂಸಿ ನೋಡಿ, ಓಹಿಯೋ ಎಂದು ಗೊತ್ತಾದರೆ ಆಟದ ಬಾಗಿಲು ತೆಗೆಯುವುದಿಲ್ಲ. ಹಾಗಾಗಿ ನಮ್ಮೂರಿನ ಆಟಗಾರರೆಲ್ಲ ಗೆರೆ ದಾಟಿ, ಅಲ್ಲಿ ಮುಚ್ಚಿಹೋಗಿರುವ ಸೋಫಾ ಅಂಗಡಿಯ ಪಾರ್ಕಿಂಗ್ ಬಯಲಿನಲ್ಲಿ ಕಾರು ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಹೀಟರ್ ಹಾಕಿಕೊಂಡು, ಒಬ್ಬೊಬ್ಬರೂ ತಮ್ಮ ತಮ್ಮ ಕಾರಿನಲ್ಲೇ ಕೂತು ಆಡುವುದು ರೂಢಿ. ದೂರದಿಂದ ನೋಡಿದವರು ಯಾವುದೋ ದೊಡ್ಡ ಸಾವಿಗೆ ಜನ ಸೇರಿದ್ದಾರೆ ಎಂದುಕೊಳ್ಳಬೇಕು, ಹಾಗಿರುತ್ತಿತ್ತು ಎಲ್ಲರ ಮುಖ.

ಬಯಲಿನ ಪಶ್ಚಿಮದ ಸಾಲು ಗೆರೆಗೆ ತೀರ ಹತ್ತಿರ. ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನು ಓಡಿಸಿ ನಿವೃತ್ತನಾದ ಲೀಲಂಡ್ ಪ್ರೂಯಿಟ್ ಒಮ್ಮೆ ಆ ಸಾಲಿನಲ್ಲಿ ನಿಲ್ಲಿಸಿ, ಕೈಯಲ್ಲಿ ಎರಡು ರಾಜರು ಬಂದ ಸಂಭ್ರಮಕ್ಕೆ ಫೋನ್ ಹಿಡಿದ ಕೈಯನ್ನು ಕಿಟಕಿಯಾಚೆ ಚಾಚಿ ಎಲ್ಲರಿಗೂ ತೋರಿಸಿದ. ಫೋನು ಓಹಿಯೋದ ಗಾಳಿ ಕುಡಿದು ಆಟ ನಿಲ್ಲಿಸಿತು. ಎರಡು ರಾಜರೂ ಹೋದರು, ಪಣವೂ ಹೋಯಿತು. ಅಂದಿನಿಂದ ಆ ಸಾಲಿಗೆ ಲೀಲಂಡನ ಸಮಾಧಿ ಎಂದೇ ಹೆಸರು.

ಈ ಬಯಲಿನ ದೊರೆ ಎಮಿಲ್. ಆಟದಲ್ಲಲ್ಲ, ಮಾತಿನಲ್ಲಿ. ಆಟದ ನಡುವೆ ಕೈಕಾಲು ಸಡಿಲಿಸಲು ಎಲ್ಲರೂ ಹೊರಗೆ ಬಂದು ಡೋನಟ್ ಮುರಿಯುವಾಗ, ಅವನು ಕಾರಿನ ಬಾನೆಟ್ಟಿಗೆ ಒರಗಿ ಆ ದಿನದ ಗೆಲುವನ್ನು ವರ್ಣಿಸುತ್ತಿದ್ದ. ಆಟದಲ್ಲಿ ಅವನ ಹೆಸರು ಉಕ್ಕಿನ ಹುಲಿ.

ಒಂದು ದಿನ ಆಟಗಾರರ ಸಂಘದವರು ಬಯಲಿಗೆ ಬಂದರು. ಓಹಿಯೋದಲ್ಲೂ ಫೋನಿನ ಪೋಕರಿಗೆ ಲೈಸೆನ್ಸ್ ಕೊಟ್ಟು, ತೆರಿಗೆ ಹಾಕಿ, ಕಾವಲಿಡಬೇಕೆಂಬ ಮಸೂದೆ ರಾಜಧಾನಿ ಕೊಲಂಬಸ್ಸಿನ ವಿಧಾನಸಭೆಯ ಮುಂದೆ ಬಂದಿತ್ತು. ಸಮಿತಿಯ ಮುಂದೆ ಸಾಕ್ಷಿ ಹೇಳಲು ಒಬ್ಬ ಆಟಗಾರ ಬೇಕಾಗಿತ್ತು.

"ದುಡಿದು ತಿನ್ನೋ ಸಾಮಾನ್ಯ ಮನುಷ್ಯ ಆಗಿರ್ಬೇಕು," ಎಂದಳು ಸಂಘದ ಹೆಂಗಸು. "ಆದ್ರೆ ಗೆಲ್ಲೋನಾಗಿರ್ಬೇಕು. ಇದು ಬರೀ ಅದೃಷ್ಟದ ಜೂಜಲ್ಲ, ಜಾಣ್ಮೆ ಅಂತ ಅವನ ಮುಖ ನೋಡಿದ್ರೇ ಗೊತ್ತಾಗ್ಬೇಕು."

"ಎಮಿಲ್ ಇದ್ದಾನಲ್ಲ," ಎಂದ ಲೀಲಂಡ್. "ಪೆನ್ಸಿಲ್ವೇನಿಯಾನ ಅಳಿಸಿದೋನು."

ಎಮಿಲ್ ಗಂಟಲಲ್ಲಿ ಡೋನಟ್ ನಿಂತಿತು. "ಕಾನಿ ಹೋಗ್ಲಿ," ಎಂದ. "ಹೆಂಗಸರು ಹೇಳಿದ್ರೆ ಸಭೆ ಕಿವಿಗೊಟ್ಟು ಕೇಳುತ್ತೆ."

ಕಾನಿ ಡಿವಿಟೋ ಎಷ್ಟೋ ವರ್ಷ ಶಾಲೆಯ ಬಸ್ಸು ಓಡಿಸಿದವಳು, ಬಯಲಿನಲ್ಲಿ ನಿಜವಾಗಿ ಗೆಲ್ಲುವವಳು ಇದ್ದರೆ ಅವಳೇ. ಅವಳು ಕಾರಿನ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದಳು. "ಗೆಲ್ಲೋರು ಬಾಯಿ ಬಿಡಲ್ಲಪ್ಪ. ನಾನು ಬಸ್ಸಿನ ಪೆನ್ಷನ್‌ನಲ್ಲಿ ಬದುಕ್ತಿದ್ದೀನಿ ಅಂತಾನೇ ನನ್ನ ಅಳಿಯಂದಿರು ತಿಳ್ಕೊಂಡಿರೋದು, ಹಾಗೇ ಇರ್ಲಿ. ನೀನು ಹೋಗು. ಬಾಯಿ ಬಿಡೋದಕ್ಕೆ ನಿನಗೆ ಬಂಡವಾಳಾನೇ ಬೇಡ."

ಕಿಟಕಿ ಏರಿತು. ದೊರೆತನವೆಂದರೆ ಇದೇ: ಕಿರೀಟ ಹಾಕಿಕೊಂಡವನೇ ಯುದ್ಧಕ್ಕೂ ಹೋಗಬೇಕು. ಎಮಿಲ್ ಎದೆ ಸೆಟೆಸಿ, "ಆಯ್ತು, ಕೊಲಂಬಸ್ಸಿಗೆ ಹೇಳಿಬಿಡಿ, ಬಾಗಿಲು ಸ್ವಲ್ಪ ಅಗಲ ಮಾಡಿಸ್ಲಿ," ಎಂದ.

ಮನೆಗೆ ಬಂದರೆ ರೋಸೆಲ್ ಹೊಸ ಒಲೆಯ ಮುಂದೆ ನಿಂತು ಕೋಸು ಮತ್ತು ಶಾವಿಗೆಯ ಹಲೂಷ್ಕಿ ಕದಡುತ್ತಿದ್ದಳು. ಹೊಸ ಒಲೆ ಎಂದರೆ ಆರು ಉರಿಯದು, ಹಡಗಿನಂಥದ್ದು. ಒಂದು ವರ್ಷದ ಹಿಂದೆ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಎಮಿಲ್ ಅದನ್ನು ತಂದು ನಿಲ್ಲಿಸಿ, ನೋಡಲು ಬಂದ ನೆರೆಯವರಿಗೆಲ್ಲ "ಪೋಕರ್ ತಂದ ಒಲೆ" ಎಂದು ಪರಿಚಯ ಮಾಡಿಸಿದ್ದ.

ಸುದ್ದಿ ಕೇಳಿ ರೋಸೆಲ್ ಉರಿ ಸಣ್ಣ ಮಾಡಿದಳು. ಅದು ಒಳ್ಳೆಯ ಲಕ್ಷಣವಲ್ಲ. ಅವಳು ಚಳಿಗಾಲ ಮುಗಿಯುವವರೆಗೆ ಸೂಪರ್‌ಮಾರ್ಕೆಟ್ಟಿನ ಒಳಗೆ, ಬೀಗದ ಕೈ ಮಾಡುವ ಯಂತ್ರಕ್ಕೂ ಹೂವಿನ ಬಕೆಟ್ಟುಗಳಿಗೂ ನಡುವೆ ಮೇಜು ಹಾಕಿಕೊಂಡು ಊರಿನವರ ಆದಾಯ ತೆರಿಗೆಯ ಲೆಕ್ಕ ತುಂಬಿಸುತ್ತಾಳೆ. ಗಂಡನಿಗೂ ಅಲ್ಲಿ ರಿಯಾಯಿತಿ ಇಲ್ಲ. ಅವನೂ ಸರದಿಯಲ್ಲಿ ನಿಲ್ಲಬೇಕು, ಕುರ್ಚಿಯಲ್ಲಿ ಕೂರಬೇಕು, ಎಲ್ಲರಿಗೂ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಕೆಳಗೆ ತಯಾರಿಸಿದವರ ಸಹಿ ಎಂಬಲ್ಲಿ ಅವಳ ಹೆಸರು.

"ಹೋದ ವರ್ಷ ನಾನು ನಿನ್ನ ಕೇಳಿದೆ," ಎಂದಳು ರೋಸೆಲ್. "ಜೂಜಿನ ಆದಾಯ ಎಷ್ಟು ಅಂತ. ನೀನು ಸೊನ್ನೆ ಅಂದೆ. ಹೌದು ತಾನೆ?"

"ಅಂದೆ."

"ಈ ಒಲೆ ಪೋಕರಿಂದು ಅಂತ ಊರಿಗೆಲ್ಲಾ ಹೇಳ್ದೆ. ರಿಪೇರಿಗೆ ಅಂತ ಮೆಕ್ಯಾನಿಕ್ ಮಿಲಾನ್ ಕೊಟ್ಟಿಗೇಲಿ ಬಿದ್ದಿರೋ ನಿನ್ನ ದೋಣಿ ಮೋಟಾರು ಸರಿ ಮಾಡಿಸೋಕೆ ಕಾಸಿಲ್ಲ ಅಂತೀಯ, ಆರು ಉರಿ ಒಲೆಗೆ ಕಾಸಿತ್ತು. ಎರಡರಲ್ಲಿ ಒಂದು ಸುಳ್ಳು, ಎಮಿಲ್."

"ಮಾತು ಬೇರೆ, ಲೆಕ್ಕ ಬೇರೆ."

"ಕೊಲಂಬಸ್ಸಲ್ಲಿ ಬಲಗೈ ಎತ್ತಿಸ್ತಾರೆ. ಅಲ್ಲಿ ಮಾತೂ ಲೆಕ್ಕಾನೂ ಒಂದೇ ಆಗುತ್ತೆ. ಗೆದ್ದಿದ್ದೀನಿ ಅಂತ ನೀನು ಅಂದ್ರೆ, ಗೊತ್ತಿದ್ದೂ ಗಂಡನ ಆದಾಯ ಮುಚ್ಚಿಟ್ಟು ಸಹಿ ಹಾಕಿದೋಳು ನಾನಾಗ್ತೀನಿ. ಮೇಜು ತೆಗೆಸ್ತಾರೆ. ಆಮೇಲೆ ಈ ಊರಲ್ಲಿ ಯಾರೂ ನನ್ನ ಕೈಲಿ ಒಂದು ಚೀಟಿನೂ ಬರೆಸಲ್ಲ." ಅವಳು ಸೌಟನ್ನು ಬಾಣಲೆಯ ಅಂಚಿಗೆ ತಟ್ಟಿದಳು. "ಗೆದ್ದ ದುಡ್ಡು ಎಲ್ಲಾದ್ರೂ ಇಟ್ಟಿದ್ರೆ ಈಗ್ಲೇ ಹೇಳು. ನನ್ನಿಂದ ಬಚ್ಚಿಟ್ಟಿದ್ದಕ್ಕೆ ಬೈತೀನಿ ಅಷ್ಟೆ."

ಎಮಿಲ್ ಬಾಯಿ ತೆರೆದ. ಹೇಳಬೇಕಾದ ಮಾತು ನಾಲಗೆಯ ತುದಿಯವರೆಗೂ ಬಂದು, ಹೊರಗಿನ ಚಳಿ ನೋಡಿ ಹಿಂದಕ್ಕೆ ಹೋಯಿತು. "ಹಲೂಷ್ಕಿ ತಳ ಹಿಡೀತಿದೆ," ಎಂದ.

"ನಾನೂ ಬರ್ತೀನಿ," ಎಂದಳು ರೋಸೆಲ್. "ನಿನ್ನ ಹಿಂದಿನ ಕುರ್ಚೀಲೇ ಕೂರ್ತೀನಿ."

ವಿಚಾರಣೆಯ ದಿನ ಎಮಿಲ್ ಇಸ್ಪೀಟಿನ ಚಿತ್ರವಿದ್ದ ಟೈ ಕಟ್ಟಿಕೊಂಡ. ಕಾರು ಊರು ಬಿಡುವ ಮೊದಲೇ ರೋಸೆಲ್ ಅದನ್ನು ಬಿಚ್ಚಿಸಿ, ಅವನು ಸಾವಿನ ಮನೆಗಳಿಗೆ ಕಟ್ಟುವ ಕಪ್ಪು ಟೈಯನ್ನು ಕೈಗೆ ಕೊಟ್ಟಳು. ದಾರಿಯುದ್ದಕ್ಕೂ ಅವನು ಹೊಲಗಳ ಕಡೆ ನೋಡುತ್ತ ತನ್ನ ಭಾಷಣ ಗುನುಗುತ್ತಿದ್ದ. ಹಿಂದಿನ ಸೀಟಿನಲ್ಲಿ ಲೀಲಂಡ್ ಗೊರಕೆ ಹೊಡೆಯುತ್ತಿದ್ದ. ಭಾಷಣದಲ್ಲಿ ಪೋಕರ್ ಎಂಬುದು ಗಣಿತ, ಮನಃಶಾಸ್ತ್ರ ಮತ್ತು ಸಂಯಮಗಳ ಸಂಗಮವಾಗಿತ್ತು. ಬರೆದುಕೊಟ್ಟದ್ದು ಸಂಘದ ಹೆಂಗಸು. ಸಂಯಮ ಎಂಬಲ್ಲಿ ಎಮಿಲ್ ಪ್ರತಿ ಸಲವೂ ತೊದಲುತ್ತಿದ್ದ.

ಸಮಿತಿಯ ಕೋಣೆಯ ಚಾವಣಿ ಎಷ್ಟು ಎತ್ತರವಿತ್ತೆಂದರೆ ಅಲ್ಲಿ ಮೋಡ ಕಟ್ಟಿ ಮಳೆ ಬಂದರೂ ಆಶ್ಚರ್ಯವಿರಲಿಲ್ಲ. ಅಧ್ಯಕ್ಷೆ ಲಾವೋನ್ ಟಿಬ್ಸ್ ಮಿತಭಾಷಿ. ಅವಳ ಮುಂದೆ ಬಂದ ಸಾಕ್ಷಿಗಳೆಲ್ಲರೂ ಬಲಗೈ ಎತ್ತಿ ಪ್ರಮಾಣ ಮಾಡಬೇಕೆಂಬುದು ಅವಳ ಕಟ್ಟುನಿಟ್ಟು. ಎಮಿಲ್‌ಗಿಂತ ಮೊದಲು ಒಬ್ಬ ಪಾದ್ರಿ ಜೂಜಿನಿಂದ ಹಾಳಾದ ಮನೆಗಳ ಬಗ್ಗೆ ಮಾತಾಡಿದ. ಆಮೇಲೆ ಒಬ್ಬ ಪ್ರೊಫೆಸರ್ ತೆರಿಗೆಯ ರೇಖಾಚಿತ್ರಗಳನ್ನು ತೋರಿಸಿದ. ಅರ್ಧ ಸಮಿತಿ ತೂಕಡಿಸಿತು. ಆಮೇಲೆ ಎಮಿಲ್ ಎದ್ದ. ಕೈ ಎತ್ತಿದ. ಬೆನ್ನ ಹಿಂದೆ ರೋಸೆಲ್ ಕೂತ ಕುರ್ಚಿ ಕಿರ್ ಎಂದದ್ದು ಅವನಿಗೆ ಗುಡುಗಿನ ಹಾಗೆ ಕೇಳಿಸಿತು.

ಭಾಷಣ ಶುರುವಿನಲ್ಲಿ ಚೆನ್ನಾಗಿಯೇ ಹೋಯಿತು. ಗಣಿತ ಬಂತು, ಮನಃಶಾಸ್ತ್ರ ಬಂತು, ಸಂಯಮವೂ ಕುಂಟುತ್ತ ಬಂತು. ಸಭೆ ಕೇಳುತ್ತಿದೆ ಎಂದು ಗೊತ್ತಾದದ್ದೇ ತಡ, ಎಮಿಲ್ ಬರೆದುಕೊಟ್ಟ ಹಾಳೆಯನ್ನು ಮಡಚಿ ಜೇಬಿಗಿಟ್ಟ. ಅದೇ ಅವನು ಮಾಡಿದ ತಪ್ಪು.

"ಗೆಲ್ಲೋದು ಅದೃಷ್ಟದಿಂದ ಅಂತ ಅನ್ನೋರಿಗೆ ನನ್ನನ್ನ ತೋರಿಸಿ," ಎಂದ. "ಭಾನುವಾರ ಚರ್ಚಿನ ಗಂಟೆ ತಪ್ಪಬಹುದು, ನಾನು ಗೆಲ್ಲೋದು ತಪ್ಪಲ್ಲ. ನಮ್ಮೂರಲ್ಲಿ ಯಾರನ್ನ ಬೇಕಾದ್ರೂ ಕೇಳಿ. ನನ್ನ ಹೆಂಡತಿ ಆರು ಉರಿ ಒಲೆ ಮೇಲೆ ಅಡುಗೆ ಮಾಡ್ತಾಳೆ. ಅದು ಪೋಕರ್ ತಂದ ಒಲೆ."

ಸಮಿತಿಯ ಬಲತುದಿಯಲ್ಲಿ ಗ್ರಾಂಟ್ ಸ್ಟೌಫರ್ ಎಂಬ ಸದಸ್ಯ ಕೂತಿದ್ದ. ಹಾಲಿನ ಡೈರಿ ಇದ್ದವನು, ಮಸೂದೆಗೆ ವಿರೋಧಿ. ಹಸುವಿನ ಕೆಚ್ಚಲಿಗೆ ಕೈ ಹಾಕುವಷ್ಟು ಮೃದುವಾಗಿ ಅವನು ಮೈಕು ಹತ್ತಿರಕ್ಕೆ ಎಳೆದುಕೊಂಡ.

"ಮಿಸ್ಟರ್ ಹುಡಾಕ್, ಅಭಿನಂದನೆ. ಒಲೆ ಚೆನ್ನಾಗಿದೆಯಾ?"

"ತುಂಬಾ ಚೆನ್ನಾಗಿದೆ ಸರ್."

"ಸಂತೋಷ. ಈ ಮಸೂದೆ ತೆರಿಗೆ ಬಗ್ಗೆನೂ ಇದೆ, ಅದಕ್ಕೇ ಕೇಳ್ತಿದ್ದೀನಿ. ಒಲೆ ತಂದ ಆ ಗೆಲುವನ್ನ ನೀವು ಆದಾಯ ತೆರಿಗೇಲಿ ತೋರಿಸಿದ್ರಾ?"

ಪೋಕರಿನಲ್ಲಿ ಬುರುಡೆಗೆ ಬೆಲೆ ಇರುವುದು ಎದುರಿನವನು "ತೋರಿಸು" ಎನ್ನುವವರೆಗೆ. ಎಲೆ ಏನಿದ್ದರೂ ಸರಿ, ಮುಖದಲ್ಲಿ ಗತ್ತಿದ್ದರೆ ಎದುರಿನವರು ಹೆದರಿ ಬಿಡುತ್ತಾರೆ. ಯಾರಾದರೂ ಹೆದರದೆ ಪಣ ಕಟ್ಟಿ ತೋರಿಸು ಎಂದರೆ, ಆಗ ಎಲೆ ಮಗುಚಲೇಬೇಕು, ಗತ್ತು ಒಲೆಗೆ ಹಾಕಲೂ ಬಾರದು. ಬಯಲಿನ ಡೋನಟ್ ಸಭೆಗಳಲ್ಲಿ ಎಮಿಲ್‌ಗೆ ಯಾರೂ ತೋರಿಸು ಎಂದಿರಲಿಲ್ಲ. ಹಾಲಿನವನು ಅಂದುಬಿಟ್ಟ.

ಎಮಿಲ್ ತಲೆಯೊಳಗೆ ಕಾರ್ಪೆಟ್ ಅಳೆಯುವ ಹಾಗೆ ದಾರಿಗಳನ್ನು ಅಳೆದ. ತೋರಿಸಿದ್ದೇನೆ ಎಂದರೆ, ತೋರಿಸಿಲ್ಲವೆಂದು ಹಿಂದೆ ಕೂತವಳಿಗೇ ಗೊತ್ತು. ತೋರಿಸಿಲ್ಲ ಎಂದರೆ ತಾನು ಕಳ್ಳ, ಅವಳು ಕಳ್ಳನ ಲೆಕ್ಕ ಬರೆದವಳು. ಯಾವ ಕಡೆ ಎಳೆದರೂ ಕಾರ್ಪೆಟ್ ಒಂದು ಮೂಲೆಯಲ್ಲಿ ಕಡಿಮೆ ಬೀಳುತ್ತಿತ್ತು. ನೀರು ಕುಡಿದ. ಲೋಟದಲ್ಲಿ ನೀರಿರಲಿಲ್ಲ, ಆದರೂ ಕುಡಿದ.

"ಅಧ್ಯಕ್ಷೆಯವರೇ," ಎಂದ ಕೊನೆಗೆ, "ಒಲೆ ಪೋಕರಿಂದಲ್ಲ."

ಟಿಬ್ಸ್ ಕನ್ನಡಕ ಮೇಲೆತ್ತಿದಳು. "ಮತ್ತೆ?"

"ನನ್ನದೊಂದು ದೋಣಿ ಇತ್ತು. ಮಾರಿದೆ. ಒಲೆ ತಂದೆ."

ಬೆನ್ನ ಹಿಂದಿನ ಕುರ್ಚಿ ಈ ಸಲ ಕಿರ್ ಎನ್ನಲಿಲ್ಲ. ಅದು ಇನ್ನೂ ಭಯಂಕರವಾಗಿತ್ತು.

"ಹಾಗಾದ್ರೆ ನಿಮ್ಮ ತೆರಿಗೆ ಲೆಕ್ಕ?" ಎಂದ ಸ್ಟೌಫರ್.

"ಸರಿಯಾಗಿದೆ ಸರ್. ಜೂಜಿನ ಆದಾಯ ಸೊನ್ನೆ. ಬರೆದೋಳು ಸರಿಯಾಗೇ ಬರೆದಿದ್ದಾಳೆ, ಹೇಳಿದೋನೂ ಅದೊಂದು ಸಲ ಸರಿಯಾಗೇ ಹೇಳಿದ್ದ. ನಾನು ಸೋಲೋನು. ಪ್ರತಿ ವಾರ ಸೋಲ್ತೀನಿ. ಪೋಕರ್ ಜಾಣ್ಮೆ ಆಟ ಅನ್ನೋದಕ್ಕೆ ನಾನೇ ಸಾಕ್ಷಿ. ಅದೃಷ್ಟದ್ದಾಗಿದ್ರೆ ಒಂದ್ಸಲ ಆದ್ರೂ ತಪ್ಪಿ ಗೆಲ್ತಿದ್ದೆ."

ಯಾರೋ ಕೆಮ್ಮಿದರು. ಕೆಮ್ಮಲ್ಲ, ನಗು. ಲೀಲಂಡ್ ಟೋಪಿಯಿಂದ ಮುಖ ಮುಚ್ಚಿಕೊಂಡ. ತೂಕಡಿಸುತ್ತಿದ್ದ ಅರ್ಧ ಸಮಿತಿ ಎಚ್ಚರವಾಯಿತು.

ಟಿಬ್ಸ್ ಕೇಳಿದಳು: "ಪ್ರತಿ ವಾರ ಸೋತರೆ ನಿಮ್ಮ ಮನೆ ಇಷ್ಟೊತ್ತಿಗೆ ಪಾದ್ರಿಗಳು ಹೇಳಿದ ಮನೆ ಥರ ಆಗಬೇಕಿತ್ತಲ್ಲ?"

"ಆಗ್ಬೇಕಿತ್ತು ಮೇಡಂ. ಆದ್ರೆ ಪೆನ್ಸಿಲ್ವೇನಿಯಾ ಕಾನೂನು ಮಹಾ ಕಿರಿಕಿರೀದು. ಆಟಕ್ಕೆ ಸೇರೋ ದಿನಾನೇ ಕೇಳ್ತು, ವಾರಕ್ಕೆ ಎಷ್ಟು ಹಾಕ್ತೀಯ ಅಂತ. ಆಗ ನನ್ನ ಹೆಂಡತಿ ಮುಖ ಕಣ್ಮುಂದೆ ಬಂತು. ಹೆದರಿ ಇಪ್ಪತ್ತು ಡಾಲರ್ ಅಂತ ಒತ್ತಿಬಿಟ್ಟೆ. ಅದಾದ ಮೇಲೆ ಬೀಗ. ಜಾಸ್ತಿ ಮಾಡ್ಕೊಳ್ಳೋಕೆ ಎಷ್ಟೋ ಸಲ ಹೋದೆ, ಕಾಯಿ ಅನ್ನುತ್ತೆ. ಕಾಯೋ ಹೊತ್ತಿಗೆ ಬುದ್ಧಿ ಬಂದಿರುತ್ತೆ. ಬುದ್ಧಿ ಬರೋಕೆ ಬಿಡದೇ ಇರೋದೇ ಜೂಜು, ಬುದ್ಧಿ ಬರೋವರ್ಗೂ ತಡೆಯೋದೇ ಕಾನೂನು. ನನಗೆ ಅರ್ಥ ಆಗಿರೋದು ಇಷ್ಟು."

ಪ್ರೊಫೆಸರ್ ಪೆನ್ನು ತೆಗೆದು ಏನೋ ಬರೆದುಕೊಂಡ.

ಕೇಳುವವರು ಕಂಡರೆ ಎಮಿಲ್‌ಗೆ ಸೋಲೂ ಒಂದು ಬಂಡವಾಳವೇ. ಅವನ ಬೆನ್ನು ಮತ್ತೆ ನೆಟ್ಟಗಾಯಿತು. "ಇನ್ನೊಂದು ಮಾತು. ನಾನು ಆಡೋ ಪ್ರತಿ ಆಟದಲ್ಲೂ ಕಂಪನಿ ಒಂದು ಚೂರು ಮುರ್ಕೊಳುತ್ತೆ. ಆ ಚೂರಲ್ಲಿ ಪೆನ್ಸಿಲ್ವೇನಿಯಾ ಸರ್ಕಾರ ತೆರಿಗೆ ತಗೊಳುತ್ತೆ. ಅವರ ರಸ್ತೆ ನೋಡಿ, ನಮ್ಮ ರಸ್ತೆ ನೋಡಿ. ನಾನು ಹುಟ್ಟಿದ್ದು ಓಹಿಯೋದಲ್ಲಿ, ಓದಿದ್ದು ಓಹಿಯೋದಲ್ಲಿ, ದಡ್ಡ ಆಗಿದ್ದು ಓಹಿಯೋದಲ್ಲಿ. ನನ್ನ ದಡ್ಡತನದ ತೆರಿಗೆ ಮಾತ್ರ ಪಕ್ಕದ ರಾಜ್ಯಕ್ಕೆ ಯಾಕೆ ಹೋಗ್ಬೇಕು?"

ಈಗ ಬಹಿರಂಗವಾಗಿಯೇ ನಕ್ಕರು. ಸ್ಟೌಫರ್ ಮಾತ್ರ ನಗಲಿಲ್ಲ. ಹಾಲು ಕರೆಯುವವನಿಗೆ ಅವಸರವಿರುವುದಿಲ್ಲ.

"ಒಂದು ಅನುಮಾನ, ಮಿಸ್ಟರ್ ಹುಡಾಕ್. ಎಲ್ಲೋ ದೂರದ ದ್ವೀಪಗಳಿಂದ ನಡೆಸೋ ಆಟಗಳು ಇವೆಯಂತೆ. ಅವು ಲೈಸೆನ್ಸ್ ಕೇಳಲ್ಲ, ಗೆರೆ ನೋಡಲ್ಲ, ಮನೆಯ ಸೋಫಾ ಮೇಲೇ ಆಡಬಹುದು. ನೀವು ಯಾಕೆ ಹಿಮದಲ್ಲಿ ಕಾರಲ್ಲಿ ಕೂರ್ತೀರಿ?"

ಎಮಿಲ್ ಕಪ್ಪು ಟೈಯ ಗಂಟು ಸರಿಮಾಡಿಕೊಂಡ. "ಅಲ್ಲಿ ಆಡಿದ ಗೆಳೆಯ ಒಬ್ಬ ಇದ್ದಾನೆ ಸರ್," ಎಂದ. "ಅವನೂ ನನ್ನ ಥರಾನೇ, ಸೋಲೋದರಲ್ಲಿ ಪಂಡಿತ. ಆದ್ರೆ ಅಲ್ಲಿ ಒಂದ್ಸಲ ಗೆದ್ದುಬಿಟ್ಟ. ಹತ್ತು ದೋಣಿ ಕೊಳ್ಳೋ ಅಷ್ಟು ಗೆದ್ದ. ದುಡ್ಡು ಕಳಿಸಿ ಅಂದ್ರೆ ನಿನ್ನ ಡ್ರೈವಿಂಗ್ ಲೈಸೆನ್ಸ್ ಫೋಟೋ ಕಳಿಸು ಅಂದ್ರು. ಕಳಿಸ್ದ. ಕರೆಂಟ್ ಬಿಲ್ ಕಳಿಸು ಅಂದ್ರು. ಕಳಿಸ್ದ. ಆ ಬಿಲ್ಲನ್ನ ಕೈಲಿ ಹಿಡ್ಕೊಂಡು ಫೋಟೋ ತೆಗೆಸ್ಕೋ ಅಂದ್ರು. ತೆಗೆಸ್ಕೊಂಡ, ನಗ್ತಾನೂ ಇದ್ದ ಅದರಲ್ಲಿ. ಆಮೇಲೆ ಆ ಆಟಾನೇ ಫೋನಿಂದ ಮಾಯ ಆಯ್ತು. ದೂರು ಕೊಡೋಕೆ ಅಂತ ಇದ್ದಿದ್ದು ಒಂದು ಅಂಚೆ ಪೆಟ್ಟಿಗೆ ನಂಬರು. ಆ ದ್ವೀಪದಲ್ಲಿ ಪೊಲೀಸಿಲ್ಲ, ಕೋರ್ಟಿಲ್ಲ, ನನಗನ್ಸುತ್ತೆ ಅಂಚೆ ಪೆಟ್ಟಿಗೇನೂ ಇಲ್ಲ."

"ಈಗ ಹೇಗಿದ್ದಾರೆ ನಿಮ್ಮ ಗೆಳೆಯ?"

"ಚೆನ್ನಾಗಿದ್ದಾನೆ ಸರ್. ಸ್ವಲ್ಪ ಮಾತು ಜಾಸ್ತಿ."

ಸ್ಟೌಫರ್ ಮೈಕನ್ನು ಹಿಂದಕ್ಕೆ ತಳ್ಳಿದ. "ನನ್ನ ಓಟು ಈಗಲೂ ಬೇಡ ಅಂತಾನೇ ಇದೆ," ಎಂದ. "ಆದ್ರೆ ಇವತ್ತು ನಾನು ಕೇಳಿದ್ದರಲ್ಲಿ ಈ ಗೆಳೆಯನ ಕಥೆ ಮೇಲೆ ಯೋಚನೆ ಮಾಡಬೇಕು." ಟಿಬ್ಸ್ ಹತ್ತು ನಿಮಿಷದ ವಿರಾಮ ಎಂದಳು.

ಪಡಸಾಲೆಗೆ ಬಂದ ಕೂಡಲೇ ಲೀಲಂಡ್ ಎಮಿಲ್‌ನ ಹೆಗಲ ಮೇಲೆ ಗುದ್ದಿದ. "ಲೋ, ಪ್ರತಿ ವಾರ ಸೋಲ್ತೀಯಾ? ಮತ್ತೆ ಪೆನ್ಸಿಲ್ವೇನಿಯಾ ಖಜಾನೆ?"

"ನೀನು ನಂಬಿದ್ಯಾ?"

"ನಂಬಲಿಲ್ಲ. ಆದ್ರೆ ಇಪ್ಪತ್ತು ಡಾಲರ್ ಹುಲಿ ಅಂತಾನೂ ಅಂದ್ಕೊಂಡಿರಲಿಲ್ಲ ಮಾರಾಯ." ಅವನು ನಗುತ್ತ ಕಾಫಿ ಹುಡುಕಿಕೊಂಡು ಹೋದ.

ರೋಸೆಲ್ ಅಮೃತಶಿಲೆಯ ಬೆಂಚಿನ ಮೇಲೆ ಕೂತಿದ್ದಳು. ಎಮಿಲ್ ಪಕ್ಕದಲ್ಲಿ ಕೂತ. ಬೆಂಚು ಮಂಜಿನಷ್ಟು ತಣ್ಣಗಿತ್ತು.

"ನಿನ್ನ ಸಹಿ ಉಳಿಸ್ದೆ ನೋಡು," ಎಂದ. "ಇಡೀ ಓಹಿಯೋ ಮುಂದೆ ನನ್ನ ಮಾನ ಕೊಟ್ಟು ಉಳಿಸ್ದೆ."

"ದೋಣಿ ರಿಪೇರಿಗೆ ಅಂತ ಮಿಲಾನ್ ಕೊಟ್ಟಿಗೆಗೇ ಹೋಗ್ಲಿಲ್ಲ, ಹಾಗಾದ್ರೆ."

"ಇಲ್ಲ. ನೀನು ಆ ಹಳೇ ಒಲೆ ಮುಂದೆ ಬೆಂಕಿಕಡ್ಡಿ ಗೀರ್ತಾ ನಿಂತಿರೋದನ್ನ ನೋಡೋಕಾಗ್ಲಿಲ್ಲ. ದೋಣಿ ಮಾರಿ ತಂದೆ ಅಂದ್ರೆ ನೀನು ವಾಪಸ್ ಮಾಡಿಸ್ತಿದ್ದೆ. ಅದಕ್ಕೇ ಪೋಕರಿನ ಹೆಸರು ಹೇಳ್ದೆ. ಪ್ರೀತಿಗೆ ಹೇಳಿದ ಸುಳ್ಳು ಅದು."

ಅವನಿಗೇ ಈ ಮಾತು ಬಹಳ ಹಿಡಿಸಿತು.

ರೋಸೆಲ್ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆಯುತ್ತಿದ್ದಳು. "ಆ ದೋಣಿ ಬೆಲೆ ನನಗೆ ಗೊತ್ತು, ಎಮಿಲ್. ಒಲೆ ಬೆಲೇನೂ ಗೊತ್ತು. ಒಲೆ ತಗೊಂಡ ಮೇಲೂ ಅರ್ಧಕ್ಕಿಂತ ಜಾಸ್ತಿ ಮಿಕ್ಕಿರುತ್ತೆ. ಅದೆಲ್ಲಿ?"

"ಅದು ಬಿಡು, ಅಲ್ಲಿ ಇಲ್ಲಿ ಖರ್ಚು..."

"ನಿನ್ನ ಗೆಳೆಯ ಹತ್ತು ದೋಣಿ ಅಷ್ಟು ಗೆದ್ದ ಅಂದೆ. ಜನ ದುಡ್ಡನ್ನ ಮನೆ ಲೆಕ್ಕದಲ್ಲಿ ಹೇಳ್ತಾರೆ, ಕಾರಿನ ಲೆಕ್ಕದಲ್ಲಿ ಹೇಳ್ತಾರೆ. ದೋಣಿ ಲೆಕ್ಕದಲ್ಲಿ ಹೇಳೋ ಮನುಷ್ಯ ಈ ರಾಜ್ಯದಲ್ಲಿ ಒಬ್ಬನೇ ಇರೋದು. ಕರೆಂಟ್ ಬಿಲ್ಲು ಹಿಡ್ಕೊಂಡು ನಗ್ತಿರೋ ಫೋಟೋ ನನ್ನ ಫೋನಲ್ಲೇ ಇದೆ. ನೀನೇ ತೆಗೆಸಿದ್ದು ನನ್ನ ಕೈಲಿ. ಕರೆಂಟ್ ಕಂಪನಿಯೋರು ಬಹುಮಾನ ಕೊಡ್ತಾರೆ ಅಂದಿದ್ದೆ."

ಎಮಿಲ್ ಚಾವಣಿ ನೋಡಿದ. ಅಲ್ಲಿ ರೆಕ್ಕೆಯ ದೇವತೆಗಳ ಚಿತ್ರವಿತ್ತು. ಯಾರೂ ಇಳಿದು ಬರುವ ಹಾಗೆ ಕಾಣಲಿಲ್ಲ.

"ನಿಜ," ಎಂದ ಮೆಲ್ಲಗೆ. "ಒಲೆ ನೆಪ. ಮಿಕ್ಕಿದ್ದನ್ನ ಹತ್ತು ಪಟ್ಟು ಮಾಡಿ, ಇನ್ನೂ ದೊಡ್ಡ ದೋಣಿ ತಂದು ಅಂಗಳದಲ್ಲಿ ನಿಲ್ಲಿಸಿ ನಿನ್ನ ಕರೀಬೇಕು ಅಂತಿದ್ದೆ. ಗೆದ್ದೆ ಕಣೆ. ನಿಜವಾಗ್ಲೂ ಗೆದ್ದೆ. ಸಾವಿರ ಸುಳ್ಳು ಗೆಲುವು ಹೇಳಿದೋನಿಗೆ ಒಂದೇ ಒಂದು ನಿಜವಾದ ಗೆಲುವು ಬಂತು, ಅದನ್ನ ಯಾರಿಗೂ ಹೇಳೋ ಹಾಗಿರಲಿಲ್ಲ. ಹೇಳಿದ್ರೆ ಆಡೋಕೆ ದುಡ್ಡೆಲ್ಲಿಂದ ಬಂತು, ದೋಣಿ ಎಲ್ಲಿ ಅಂತ ನೀನು ಕೇಳ್ತಿದ್ದೆ. ದುಡ್ಡು ಬರಲಿಲ್ಲ, ಅದಕ್ಕೇ ತೆರಿಗೇಲಿ ಸೊನ್ನೆ. ಅದು ಸುಳ್ಳಲ್ಲ, ನೋಡು."

ರೋಸೆಲ್ ಕೈಗವಸನ್ನು ಪೂರ್ತಿ ಕಳಚಿ ಮಡಿಲಿಗಿಟ್ಟಳು. ಸಿಟ್ಟು ಬಂದಿತ್ತು, ಜೊತೆಗೆ ತುಟಿಯ ಒಂದು ತುದಿ ಅವಳ ಮಾತು ಕೇಳದೆ ಮೇಲೇಳುತ್ತಿತ್ತು. "ದುಡ್ಡು ಬಚ್ಚಿಟ್ಟಿದ್ದೀಯ ಅಂತ ಒಂದು ವರ್ಷದಿಂದ ನಿದ್ದೆಗೆಟ್ಟಿದ್ದೀನಿ ನಾನು," ಎಂದಳು. "ಬಚ್ಚಿಡೋದಕ್ಕೂ ಗತಿ ಇಲ್ಲದೋನು ಅಂತ ಮೊದ್ಲೇ ಹೇಳಬಾರ್ದಾಗಿತ್ತಾ?"

"ನಾಚಿಕೆ ಆಗ್ತಿತ್ತು."

"ನಿನಗೆ? ಸರಿ, ಅದನ್ನ ಮನೇಲಿ ಮಾತಾಡೋಣ. ಈಗ ನೀನು ಒಳಗೆ ಕೈ ಎತ್ತಿ, ಗೆಳೆಯ ಅಂತ ಹೇಳಿದ್ದು?"

"ಅದು ಸಣ್ಣ ವಿಷಯ."

"ಲೆಕ್ಕ ತಪ್ಪು ಬರೆದೋರಿಗೆ ತಿದ್ದುಪಡಿ ಅಂತ ಒಂದಿದೆ. ಪ್ರತಿ ವರ್ಷ ನನ್ನ ಮೇಜಿನ ಮುಂದೆ ಎಷ್ಟು ಜನ ತಲೆ ತಗ್ಗಿಸ್ಕೊಂಡು ಬಂದು ಮಾಡಿಸ್ಕೋತಾರೆ. ಯಾರೂ ಸತ್ತಿಲ್ಲ." ಅವಳು ಎದ್ದು ಬಾಗಿಲ ಕಡೆ ಕೈ ತೋರಿಸಿದಳು. "ಆ ಹಾಲಿನೋನು ಯೋಚನೆ ಮಾಡ್ತೀನಿ ಅಂದಿದ್ದು ಆ ಕಥೆ ಮೇಲೆ. ಹೆಸರಿಲ್ಲದ ಗೆಳೆಯನ್ನ ನಂಬಿ ಯಾರು ಕಾನೂನು ಮಾಡ್ತಾರೆ? ನಡಿ."

ವಿರಾಮ ಮುಗಿದು ಸಮಿತಿ ಆಗಲೇ ಕೂತಿತ್ತು. ಮುಂದಿನ ಸಾಕ್ಷಿ ಮೈಕಿನ ಹತ್ತಿರ ಬರುವ ಮೊದಲೇ ಕಪ್ಪು ಟೈಯ ಎಮಿಲ್ ಹೋಗಿ ನಿಂತದ್ದು ಕಂಡು ಟಿಬ್ಸ್ ಹುಬ್ಬೇರಿಸಿದಳು.

"ಮಿಸ್ಟರ್ ಹುಡಾಕ್, ಇನ್ನೂ ಏನಾದ್ರೂ ಇದೆಯಾ?"

"ಒಂದು ತಿದ್ದುಪಡಿ ಮೇಡಂ. ಮಸೂದೆಗಲ್ಲ, ನನಗೆ." ಯಾರೂ ಹೇಳದೆಯೇ ಅವನು ಬಲಗೈ ಎತ್ತಿದ. "ಆ ದ್ವೀಪದೋರ ಹತ್ರ ಮೋಸ ಹೋದ ಗೆಳೆಯ ಅಂದ್ನಲ್ಲ. ಅವನು ನಾನೇ. ಲೈಸೆನ್ಸು ನನ್ನದೇ, ಕರೆಂಟ್ ಬಿಲ್ಲೂ ನನ್ನದೇ, ನಕ್ಕಿದ್ದೂ ನಾನೇ. ಫೋಟೋ ನನ್ನ ಹೆಂಡತಿ ಹತ್ರ ಇದೆ, ಬೇಕಾದ್ರೆ ತೋರಿಸ್ತಾಳೆ."

ಸ್ಟೌಫರ್ ಮುಂದಕ್ಕೆ ಬಾಗಿದ. ದಾಖಲೆ ಬರೆಯುವವಳ ಬೆರಳುಗಳು ಓಡುತ್ತಿದ್ದವು. ಎಮಿಲ್ ಹೊರಡಲು ತಿರುಗಿದ, ಹಿಂದಿನ ಸಾಲಿನಲ್ಲಿ ರೋಸೆಲ್ ಇನ್ನೂ ಅವನನ್ನೇ ನೋಡುತ್ತಿದ್ದಳು. ಅವನು ಮತ್ತೆ ಮೈಕಿನ ಕಡೆ ತಿರುಗಿದ.

"ಹತ್ತು ದೋಣಿ ಅಷ್ಟು ಗೆದ್ದೆ ಅಂದಿದ್ದೆ, ಮೇಡಂ. ಅದನ್ನೂ ಬರ್ಕೊಳ್ಳಿ. ಒಂದೇ ದೋಣಿ. ಅದೂ ಮೋಟಾರು ಬಿಟ್ಟು."